ಕ್ಲಾಡ್ ಸಿಲ್ಬರ್ಟ್ ಹಡ್ಸನ್

ಕ್ಲಾಡ್ ಸಿಲ್ಬರ್ಟ್ ಹಡ್ಸನ್ (ಜನವರಿ 26, 1881 – ಡಿಸೆಂಬರ್ 27, 1952) ಅಮೆರಿಕದ ರಸಾಯನವಿಜ್ಞಾನಿ. ಸಕ್ಕರೆಗಳ ಅಣುರಚನೆ, ಅವುಗಳ ದ್ರಾವಣಗಳು ಧ್ರುವೀಕೃತ ಬೆಳಕನ್ನು ತಿರುಗಿಸುವ ಗುಣ ಹಾಗೂ ಸಕ್ಕರೆ ಮತ್ತು ಪಿಷ್ಟಗಳ ಮೇಲೆ ವರ್ತಿಸುವ ಕಿಣ್ವಗಳನ್ನು ಕುರಿತ ಸಂಶೋಧನೆಗಳಿಗಾಗಿ ಇವರು ಪ್ರಸಿದ್ಧರು. ಇನ್ವರ್ಟೇಸ್ ಕಿಣ್ವದ ಕ್ರಿಯಾವೇಗವನ್ನು ಸರಿಯಾಗಿ ಅಳೆಯುವ ವಿಧಾನವನ್ನು 1908ರಲ್ಲಿ ಸ್ಥಾಪಿಸಿದರು. 1939ರಲ್ಲಿ ಎವೆಲಿನ್ ಟಿಲ್ಡನ್ ಅವರೊಡನೆ, ಪಿಷ್ಟವನ್ನು ಹರಳುರೂಪದ ಡೆಕ್ಸ್‌ಟ್ರಿನ್‌ಗಳನ್ನಾಗಿ ಮಾರ್ಪಡಿಸುವ ಕಿಣ್ವವನ್ನು ಬ್ಯಾಕ್ಟೀರಿಯ ಕೋಶಗಳಿಂದ ಬೇರ್ಪಡಿಸಿ ತೋರಿಸಿದರು. ಈ ಡೆಕ್ಸ್‌ಟ್ರಿನ್‌ಗಳನ್ನು ಇಂದು ಸೈಕ್ಲೊಡೆಕ್ಸ್‌ಟ್ರಿನ್‌ಗಳೆಂದೂ, ಆ ಕಿಣ್ವವನ್ನು ಸೈಕ್ಲೊಡೆಕ್ಸ್‌ಟ್ರಿನ್ ಗ್ಲೈಕೊಸಿಲ್‌ಟ್ರಾನ್ಸ್‌ಫರೇಸ್ ಎಂದೂ ಕರೆಯಲಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಹಡ್ಸನ್ ಜಾರ್ಜಿಯ ರಾಜ್ಯದ ಅಟ್ಲಾಂಟದಲ್ಲಿ ಜನಿಸಿದರು. ಬಾಲ್ಯವನ್ನು ಅಲಬಾಮ ರಾಜ್ಯದ ಮೊಬೀಲ್ ನಗರದಲ್ಲಿ ಕಳೆದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ 1901ರಲ್ಲಿ ಪದವಿಯನ್ನೂ 1902ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅನಂತರ ಜರ್ಮನಿಗೆ ತೆರಳಿ ಗಾಟಿಂಗನ್‌ನಲ್ಲಿ ವಾಲ್ಟರ್ ನೆರ್ನ್‌ಸ್ಟ್ ಅವರ ಬಳಿಯೂ ಬರ್ಲಿನ್‌ನಲ್ಲಿ ವಾಂಟ್ ಹಾಫ್ ಅವರ ಬಳಿಯೂ ಅಧ್ಯಯನ ಮಾಡಿದರು. ಇಬ್ಬರೂ ಭೌತರಸಾಯನಶಾಸ್ತ್ರದ ಪ್ರವರ್ತಕರು. ಸಾವಯವ ರಸಾಯನಶಾಸ್ತ್ರದ ಮೂಲಕ ಸಕ್ಕರೆಗಳ ಅಧ್ಯಯನಕ್ಕೆ ಬಂದವರೇ ಹೆಚ್ಚಾಗಿದ್ದ ಆ ಕಾಲದಲ್ಲಿ ಹಡ್ಸನ್ ಕ್ರಿಯಾವೇಗ ಮತ್ತು ಸಮತೋಲಗಳ ಲೆಕ್ಕಾಚಾರದ ಮೂಲಕ ಆ ಕ್ಷೇತ್ರವನ್ನು ಪ್ರವೇಶಿಸಿದರು. ಅವರ ಮುಂದಿನ ಎಲ್ಲ ಕೆಲಸಗಳ ಮೇಲೂ ಈ ಹಿನ್ನೆಲೆಯ ಪ್ರಭಾವ ಕಾಣುತ್ತದೆ. 1907ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಪದವಿ ನೀಡಿತು.

ಹಾಲುಸಕ್ಕರೆಯ ಅಧ್ಯಯನ

ಹಡ್ಸನ್ ಮೊದಲು ಕೈಗೆತ್ತಿಕೊಂಡ ವಸ್ತು ಹಾಲುಸಕ್ಕರೆ, ಅಂದರೆ ಲ್ಯಾಕ್ಟೋಸ್. ಧ್ರುವೀಕೃತ ಬೆಳಕನ್ನು ಸಕ್ಕರೆಯ ದ್ರಾವಣದ ಮೂಲಕ ಹಾಯಿಸಿದಾಗ ಅದರ ಕಂಪನದ ತಲ ಒಂದು ನಿರ್ದಿಷ್ಟ ಕೋನದಷ್ಟು ತಿರುಗುತ್ತದೆ. ಪೋಲಾರಿಮೀಟರ್ ಎಂಬ ಉಪಕರಣ ಈ ಕೋನವನ್ನು ಅಳೆಯುತ್ತದೆ. ಆಗತಾನೆ ಕರಗಿಸಿದ ಹಾಲುಸಕ್ಕರೆ ಅಥವಾ ಗ್ಲೂಕೋಸ್ ದ್ರಾವಣದಲ್ಲಿ ಈ ಕೋನ ಸ್ಥಿರವಾಗಿ ನಿಲ್ಲದೆ, ನಿಧಾನವಾಗಿ ಬದಲಾಗುತ್ತ ಹೋಗಿ ಕೊನೆಗೆ ಒಂದು ಬೆಲೆಯಲ್ಲಿ ನೆಲೆಗೊಳ್ಳುತ್ತದೆ. ಇದಕ್ಕೆ ಮ್ಯುಟರೊಟೇಷನ್ ಎಂದು ಹೆಸರು. ಒಂದೇ ಸಕ್ಕರೆಗೆ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳಿದ್ದು, ನೀರಿನಲ್ಲಿ ಅವು ಪರಸ್ಪರ ಬದಲಾಗುತ್ತ ಸಮತೋಲಕ್ಕೆ ಬರುವುದೇ ಇದಕ್ಕೆ ಕಾರಣ. ಗ್ಲೂಕೋಸಿನ ಆಲ್ಫಾ ರೂಪದ ವಿಶಿಷ್ಟ ಆವರ್ತನ ಸುಮಾರು +112 ಡಿಗ್ರಿ, ಬೀಟಾ ರೂಪದ್ದು ಸುಮಾರು +19 ಡಿಗ್ರಿ. ಯಾವುದರಿಂದ ಆರಂಭಿಸಿದರೂ ದ್ರಾವಣ ಕೊನೆಗೆ ಸುಮಾರು +53 ಡಿಗ್ರಿಗೆ ಬಂದು ನಿಲ್ಲುತ್ತದೆ.

ಹಡ್ಸನ್ 1904ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹಾಲುಸಕ್ಕರೆಯ ಈ ಬದಲಾವಣೆಯನ್ನು ಎರಡೂ ದಿಕ್ಕಿಗೆ ನಡೆಯುವ ಒಂದು ಸಾಮಾನ್ಯ ರಾಸಾಯನಿಕ ಕ್ರಿಯೆಯಾಗಿ ವಿಶ್ಲೇಷಿಸಿದರು. ಸಕ್ಕರೆ ನೀರಿನಲ್ಲಿ ಮೊದಲು ಕರಗುವ ಪ್ರಮಾಣವನ್ನೂ, ಸಮತೋಲ ಏರ್ಪಟ್ಟ ಬಳಿಕ ಕರಗಿರುವ ಪ್ರಮಾಣವನ್ನೂ ಹೋಲಿಸಿ ಎರಡು ರೂಪಗಳ ಅನುಪಾತವನ್ನು ಕಂಡುಹಿಡಿಯಬಹುದೆಂದು ತೋರಿಸಿದರು. ಒಂದು ರೂಪ ಮಾತ್ರ ಹರಳಾಗಿ ದೊರೆಯುವ ಸಕ್ಕರೆಗಳಲ್ಲಿ ಕೈಗೆ ಸಿಗದ ಮತ್ತೊಂದು ರೂಪದ ಆವರ್ತನವನ್ನು ಲೆಕ್ಕ ಹಾಕಲು ಈ ವಿಧಾನ ನೆರವಾಯಿತು.

ಇನ್ವರ್ಟೇಸ್ ಮತ್ತು ಕಿಣ್ವಗಳ ಕ್ರಿಯಾವೇಗ

ಹಡ್ಸನ್ 1908ರಲ್ಲಿ ಅಮೆರಿಕದ ಕೃಷಿ ಇಲಾಖೆಯ ರಸಾಯನಶಾಸ್ತ್ರ ಬ್ಯೂರೋವನ್ನು ಸೇರಿದರು. ಅಲ್ಲಿ ಯೀಸ್ಟಿನಿಂದ ದೊರೆಯುವ ಇನ್ವರ್ಟೇಸ್ ಕಿಣ್ವವನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಈ ಕಿಣ್ವ ಕಬ್ಬಿನ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಬಲಕ್ಕೆ ತಿರುಗುತ್ತಿದ್ದ ಬೆಳಕು ಈ ಕ್ರಿಯೆಯ ಕೊನೆಗೆ ಎಡಕ್ಕೆ ತಿರುಗುವುದರಿಂದ ಇದಕ್ಕೆ ವಿಪರ್ಯಯ ಎಂಬ ಹೆಸರು ಬಂದಿದೆ. ಆಮ್ಲವೂ ಇದೇ ಕೆಲಸವನ್ನು ಮಾಡುತ್ತದೆ. ಆಮ್ಲದಿಂದ ನಡೆಯುವ ವಿಪರ್ಯಯದಲ್ಲಿ ಕ್ರಿಯಾವೇಗ ಉಳಿದಿರುವ ಸಕ್ಕರೆಯ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ ಎಂಬುದು 19ನೆಯ ಶತಮಾನದ ನಡುವಿನಿಂದಲೇ ತಿಳಿದಿತ್ತು. ಆದರೆ ಕಿಣ್ವದ ಕ್ರಿಯೆ ಈ ನಿಯಮವನ್ನು ಪಾಲಿಸುವಂತೆ ಕಾಣುತ್ತಿರಲಿಲ್ಲ. ಕಿಣ್ವಗಳು ಸಾಮಾನ್ಯ ರಸಾಯನಶಾಸ್ತ್ರದ ನಿಯಮಗಳಿಗೆ ಒಳಪಟ್ಟಿವೆಯೇ ಇಲ್ಲವೇ ಎಂಬ ದೊಡ್ಡ ಪ್ರಶ್ನೆಗೆ ಇದು ಸಂಬಂಧಿಸಿತ್ತು. ಪ್ಯಾರಿಸ್ಸಿನಲ್ಲಿ ವಿಕ್ಟರ್ ಹೆನ್ರಿ 1903ರಲ್ಲಿ ಈ ವಿಷಯದ ಬಗ್ಗೆ ವಿಸ್ತಾರವಾದ ಪ್ರಯೋಗಗಳನ್ನು ಪ್ರಕಟಿಸಿದ್ದರು.

ತೊಡಕು ಅಳತೆಯಲ್ಲಿದೆ ಎಂದು ಹಡ್ಸನ್ ತೋರಿಸಿದರು. ಕಿಣ್ವ ಬಿಡುಗಡೆ ಮಾಡಿದ ಗ್ಲೂಕೋಸ್ ಮೊದಲು ಆಲ್ಫಾ ರೂಪದಲ್ಲಿರುತ್ತದೆ. ಅದು ಮ್ಯುಟರೊಟೇಷನ್‌ಗೆ ಒಳಗಾಗಿ ಸಮತೋಲಕ್ಕೆ ಬರಲು ಸಮಯ ಬೇಕು. ಹೀಗಾಗಿ ಕ್ರಿಯೆಯ ನಡುವೆ ಪೋಲಾರಿಮೀಟರ್ ತೋರಿಸುವ ಕೋನದಲ್ಲಿ ಎರಡು ಬದಲಾವಣೆಗಳು ಬೆರೆತಿರುತ್ತವೆ: ಒಂದು ಕಿಣ್ವ ಮಾಡಿದ್ದು, ಇನ್ನೊಂದು ಸಕ್ಕರೆ ತಾನಾಗಿಯೇ ಮಾಡಿಕೊಳ್ಳುತ್ತಿರುವುದು. ಇವೆರಡನ್ನೂ ಬೇರ್ಪಡಿಸಲು ಪ್ರತಿ ಮಾದರಿಗೂ ಸ್ವಲ್ಪ ಕ್ಷಾರವನ್ನು ಸೇರಿಸಬೇಕು. ಕ್ಷಾರವು ಕಿಣ್ವದ ಕೆಲಸವನ್ನು ಆ ಕ್ಷಣದಲ್ಲೇ ನಿಲ್ಲಿಸುತ್ತದೆ; ಜೊತೆಗೆ ಬಿಡುಗಡೆಯಾದ ಸಕ್ಕರೆಯನ್ನು ಬೇಗನೆ ಸಮತೋಲಕ್ಕೆ ತರುತ್ತದೆ. ಇಂಗ್ಲೆಂಡಿನ ಓ'ಸಲ್ಲಿವನ್ ಮತ್ತು ಟಾಂಪ್‌ಸನ್ 1890ರಲ್ಲೇ ಈ ಎಚ್ಚರಿಕೆಯನ್ನು ವಹಿಸಿದ್ದರೂ ಅನಂತರದ ಸಂಶೋಧಕರು ಅದನ್ನು ಕಡೆಗಣಿಸಿದ್ದರು. ಹೀಗೆ ಅಳೆದಾಗ ಇನ್ವರ್ಟೇಸ್‌ನ ಕ್ರಿಯೆ ಆಮ್ಲದ ಕ್ರಿಯೆಯಂತೆಯೇ ಸರಳವಾದ ನಿಯಮವನ್ನು ಅನುಸರಿಸುತ್ತದೆ ಎಂಬ ತೀರ್ಮಾನಕ್ಕೆ ಹಡ್ಸನ್ ಬಂದರು.

1913ರಲ್ಲಿ ಬರ್ಲಿನ್ನಿನಲ್ಲಿ ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಇದೇ ಕಿಣ್ವದ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಮ್ಯುಟರೊಟೇಷನ್ ಕುರಿತ ಹಡ್ಸನ್ನರ ಎಚ್ಚರಿಕೆಯನ್ನು ಪಾಲಿಸಿದರು. ಆದರೆ ಅವರ ಸರಳ ನಿಯಮವನ್ನು ಒಪ್ಪಲಿಲ್ಲ. ಸಕ್ಕರೆಯ ಸಾಂದ್ರತೆಯನ್ನು ವಿಶಾಲ ವ್ಯಾಪ್ತಿಯಲ್ಲಿ ಬದಲಾಯಿಸಿ ನೋಡಿದಾಗ ಕ್ರಿಯಾವೇಗ ಒಂದು ಮಿತಿಯನ್ನು ತಲುಪುತ್ತದೆ ಎಂಬುದು ಅವರಿಗೆ ಕಂಡುಬಂತು. ಕಿಣ್ವವೂ ಸಕ್ಕರೆಯೂ ಮೊದಲು ಸಂಯೋಗಗೊಳ್ಳುತ್ತವೆ ಎಂಬ ಕಲ್ಪನೆಯ ಮೇಲೆ ನಿಂತ ಮೈಕೇಲಿಸ್–ಮೆಂಟೆನ್ ಸಮೀಕರಣ ಇಂದು ಜೀವರಸಾಯನಶಾಸ್ತ್ರದ ಪ್ರತಿ ಪಠ್ಯದಲ್ಲೂ ಇದೆ. ಹಡ್ಸನ್ನರ ತೀರ್ಮಾನ ಹಿಂದೆ ಸರಿಯಿತು. ಆ ತೀರ್ಮಾನವನ್ನು ಪರೀಕ್ಷಿಸಲು ಸಾಧ್ಯವಾಗಿಸಿದ ಅವರ ಅಳತೆಯ ಕ್ರಮ ಉಳಿಯಿತು.

ಕಿಣ್ವವನ್ನು ಶುದ್ಧೀಕರಿಸುವ ವಿಧಾನಗಳ ಮೇಲೂ ಅವರು ಕೆಲಸ ಮಾಡಿದರು. ಟಾಲ್ವೀನ್ ಸೇರಿಸಿದ ಯೀಸ್ಟ್ ತನ್ನಷ್ಟಕ್ಕೆ ತಾನೇ ವಿಘಟನೆಗೊಳ್ಳುವಂತೆ ಬಿಟ್ಟು, ದೊರೆತ ದ್ರವದ ಕಲ್ಮಶಗಳನ್ನು ಸೀಸದ ಅಸಿಟೇಟ್‌ನಿಂದ ಒತ್ತರಿಸಿ, ಬಳಿಕ ಡಯಾಲಿಸಿಸ್ ಮೂಲಕ ಸಣ್ಣ ಅಣುಗಳನ್ನು ತೆಗೆದುಹಾಕುವುದು ಅವರು ರೂಢಿಸಿದ ಕ್ರಮ. ಹೀಗೆ ತಯಾರಿಸಿದ ಇನ್ವರ್ಟೇಸ್ ಸಕ್ಕರೆಯ ವಿಶ್ಲೇಷಣೆಯಲ್ಲಿ ಬಳಕೆಗೆ ಬಂತು. ಆಮ್ಲ ಬೇರೆ ಸಕ್ಕರೆಗಳ ಮೇಲೂ ಪರಿಣಾಮ ಬೀರಬಲ್ಲದು. ಕಿಣ್ವ ತನಗೆ ಹೊಂದುವ ಬಂಧವನ್ನು ಮಾತ್ರ ಒಡೆಯುತ್ತದೆ. ಆದ್ದರಿಂದ ಮಿಶ್ರಣಗಳಲ್ಲಿರುವ ಕಬ್ಬಿನ ಸಕ್ಕರೆಯ ಪ್ರಮಾಣವನ್ನು ನಿರ್ಧರಿಸಲು ಕಿಣ್ವವೇ ಹೆಚ್ಚು ವಿಶ್ವಾಸಾರ್ಹ ಎನಿಸಿತು.

ಐಸೊರೊಟೇಷನ್ ನಿಯಮಗಳು

ಹಡ್ಸನ್ 1909ರಲ್ಲಿ ಮಂಡಿಸಿದ ನಿಯಮಗಳು ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದವು. ಸಕ್ಕರೆಯ ಅಣುವಿನ ಆವರ್ತನವನ್ನು ಎರಡು ಭಾಗಗಳ ಮೊತ್ತವೆಂದು ಭಾವಿಸಬಹುದು ಎಂಬುದು ಅವುಗಳ ಸಾರ. ಆಲ್ಫಾ ಮತ್ತು ಬೀಟಾ ರೂಪಗಳನ್ನು ಬೇರ್ಪಡಿಸುವ ಮೊದಲನೆಯ ಇಂಗಾಲದ ಕೊಡುಗೆ ಒಂದು ಭಾಗ. ಅಣುವಿನ ಉಳಿದ ಇಂಗಾಲಗಳ ಕೊಡುಗೆ ಇನ್ನೊಂದು ಭಾಗ. ಎರಡು ರೂಪಗಳಲ್ಲಿ ಮೊದಲ ಭಾಗದ ಚಿಹ್ನೆ ಮಾತ್ರ ಬದಲಾಗುತ್ತದೆ. ಹೀಗಾಗಿ ಎರಡರ ಆವರ್ತನಗಳ ವ್ಯತ್ಯಾಸ ಬೇರೆ ಬೇರೆ ಸಕ್ಕರೆಗಳಲ್ಲಿ ಸರಿಸುಮಾರು ಒಂದೇ ಆಗಿರಬೇಕು. ಯಾವ ರೂಪವನ್ನು ಆಲ್ಫಾ ಎಂದು ಕರೆಯಬೇಕೆಂಬ ಗೊಂದಲಕ್ಕೂ ಇದರಿಂದ ಪರಿಹಾರ ದೊರೆಯಿತು. ಬಲರೂಪದ ಸಕ್ಕರೆಗಳಲ್ಲಿ ಬೆಳಕನ್ನು ಹೆಚ್ಚಾಗಿ ಬಲಕ್ಕೆ ತಿರುಗಿಸುವುದೇ ಆಲ್ಫಾ ಎಂದು ಅವರು ಸೂಚಿಸಿದರು. 1910ರಲ್ಲಿ ಸಕ್ಕರೆ ಆಮ್ಲಗಳ ಲ್ಯಾಕ್ಟೋನ್‌ಗಳಿಗೂ ಇಂಥದೇ ನಿಯಮವನ್ನು ನೀಡಿದರು.

ಈ ನಿಯಮಗಳನ್ನು ಪರೀಕ್ಷಿಸಲು ಅವರೂ ಸಹೋದ್ಯೋಗಿಗಳೂ ಅನೇಕ ಸಕ್ಕರೆಗಳ ಅಸಿಟೇಟ್‌ಗಳನ್ನು ಹರಳುರೂಪದಲ್ಲಿ ತಯಾರಿಸಿದರು. 1915ರಲ್ಲಿ ಗ್ಯಾಲಕ್ಟೋಸಿನ ಮೂರನೆಯ ಪೆಂಟಾಅಸಿಟೇಟ್ ದೊರೆತದ್ದು ಮುಖ್ಯವಾದ ಘಟನೆ. ಒಂದೇ ಬಗೆಯ ಉಂಗುರವಿದ್ದರೆ ಆಲ್ಫಾ ಮತ್ತು ಬೀಟಾ ಎಂಬ ಎರಡು ಮಾತ್ರ ಸಾಧ್ಯ. ಮೂರನೆಯದು ಇದೆಯೆಂದರೆ ಸಕ್ಕರೆಯ ಅಣು ಬೇರೆ ಗಾತ್ರದ ಉಂಗುರವನ್ನೂ ಕಟ್ಟಿಕೊಳ್ಳಬಲ್ಲದು ಎಂದಾಯಿತು. ಈ ಅವಧಿಯಲ್ಲೇ ಎಫ್. ಬಿ. ಲಾಫೋರ್ಜ್ ಅವರೊಡನೆ ಸೀಡಮ್ ಎಂಬ ಅಲಂಕಾರ ಸಸ್ಯದಿಂದ ಏಳು ಇಂಗಾಲಗಳ ಸಕ್ಕರೆಯೊಂದನ್ನು 1917ರಲ್ಲಿ ಕಂಡುಹಿಡಿದರು. ಇಂದು ಸೀಡೊಹೆಪ್ಟುಲೋಸ್ ಎಂದು ಕರೆಯಲಾಗುವ ಈ ಸಕ್ಕರೆಯ ಫಾಸ್ಫೇಟ್ ದ್ಯುತಿಸಂಶ್ಲೇಷಣೆಯ ಒಂದು ಹಂತದಲ್ಲಿ ಪಾಲ್ಗೊಳ್ಳುತ್ತದೆ ಎಂಬುದು ದಶಕಗಳ ಅನಂತರ ತಿಳಿಯಿತು.

ಉಂಗುರಗಳ ವಿವಾದ

ಹಡ್ಸನ್ 1923ರಿಂದ 1928ರವರೆಗೆ ರಾಷ್ಟ್ರೀಯ ಮಾನಕಗಳ ಬ್ಯೂರೋದಲ್ಲಿದ್ದರು. ಈ ವರ್ಷಗಳಲ್ಲಿ ಸಕ್ಕರೆಯ ಉಂಗುರದಲ್ಲಿ ಎಷ್ಟು ಪರಮಾಣುಗಳಿವೆ ಎಂಬ ವಿಷಯದಲ್ಲಿ ಅವರಿಗೂ ಇಂಗ್ಲೆಂಡಿನ ನಾರ್ಮನ್ ಹಾವರ್ತ್ ಅವರಿಗೂ ಭಿನ್ನಾಭಿಪ್ರಾಯ ಉಂಟಾಯಿತು. ಹಾವರ್ತ್ ಅವರ ತಂಡ ಮೆಥಿಲೀಕರಣದ ವಿಧಾನದಿಂದ ಸಾಮಾನ್ಯ ಸಕ್ಕರೆಗಳಲ್ಲಿ ಆರು ಪರಮಾಣುಗಳ ಉಂಗುರವಿದೆ ಎಂದು ತೋರಿಸಿತು. ಹಡ್ಸನ್ನರ ನಿಯಮಗಳು ಗ್ಲೂಕೋಸಿಗೆ ಚೆನ್ನಾಗಿ ಹೊಂದುತ್ತಿದ್ದರೂ ಮ್ಯಾನೋಸ್ ಮತ್ತು ಅದರ ಬಳಗದ ಸಕ್ಕರೆಗಳಲ್ಲಿ ಬಹಳಷ್ಟು ತಪ್ಪುತ್ತಿದ್ದವು. ನಿಯಮಗಳನ್ನು ಕೈಬಿಡುವ ಬದಲು, ಮ್ಯಾನೋಸಿನ ಎರಡು ರೂಪಗಳಲ್ಲಿ ಉಂಗುರದ ಗಾತ್ರವೇ ಬೇರೆ ಬೇರೆ ಇರಬೇಕೆಂದು ಹಡ್ಸನ್ ವಾದಿಸಿದರು.

ಈ ವಾದಕ್ಕೆ ಉತ್ತರ ದೊರೆತದ್ದು ಹಡ್ಸನ್ನರ ಸ್ವಂತ ಪ್ರಯೋಗಾಲಯದಲ್ಲೇ. 1929ರಲ್ಲಿ ಅವರು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಹೈಜೀನಿಕ್ ಲ್ಯಾಬೊರೇಟರಿಯನ್ನು ಸೇರಿದ್ದರು. ಮರುವರ್ಷ ಆ ಸಂಸ್ಥೆ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎಂಬ ಹೆಸರು ಪಡೆಯಿತು. ಅಲ್ಲಿ ಅರ್ನೆಸ್ಟ್ ಜ್ಯಾಕ್ಸನ್ ಅವರೊಡನೆ ಪೀರಿಯಾಡಿಕ್ ಆಮ್ಲದ ಉತ್ಕರ್ಷಣವನ್ನು ಸಕ್ಕರೆಗಳ ಗ್ಲೈಕೊಸೈಡ್‌ಗಳಿಗೆ ಅನ್ವಯಿಸಿದರು. ಪಕ್ಕಪಕ್ಕದ ಎರಡು ಇಂಗಾಲಗಳಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿದ್ದರೆ ಈ ಆಮ್ಲ ಅವುಗಳ ನಡುವಿನ ಬಂಧವನ್ನು ಕತ್ತರಿಸುತ್ತದೆ. ಎಷ್ಟು ಆಮ್ಲ ವ್ಯಯವಾಯಿತು, ಯಾವ ತುಣುಕುಗಳು ಉಳಿದವು ಎಂಬುದರಿಂದ ಉಂಗುರದ ಗಾತ್ರವನ್ನು ನೇರವಾಗಿ ತಿಳಿಯಬಹುದು. ಗ್ಲೂಕೋಸಿನ ಆಲ್ಫಾ ಮೆಥಿಲ್ ಗ್ಲೈಕೊಸೈಡ್ ಮತ್ತು ಮ್ಯಾನೋಸಿನ ಆಲ್ಫಾ ಮೆಥಿಲ್ ಗ್ಲೈಕೊಸೈಡ್ ಎರಡರಿಂದಲೂ ಒಂದೇ ಡೈಆಲ್ಡಿಹೈಡ್ ದೊರೆಯಿತು. ಎರಡರಲ್ಲೂ ಇರುವುದು ಆರು ಪರಮಾಣುಗಳ ಉಂಗುರವೇ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ. ತಮ್ಮ ಹಿಂದಿನ ಉಂಗುರಚಿತ್ರಗಳಿಗೆ ವಿರುದ್ಧವಾದ ಈ ಫಲಿತಾಂಶಗಳನ್ನು ಹಡ್ಸನ್ 1930ರ ದಶಕದ ಉತ್ತರಾರ್ಧದಲ್ಲಿ ತಮ್ಮ ಹೆಸರಿನಲ್ಲೇ ಪ್ರಕಟಿಸಿದರು. ಮೊದಲನೆಯ ಇಂಗಾಲಕ್ಕೆ ನೆರೆಯ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ತಿರುಗಿ ನಿಂತಿರುವ ಮ್ಯಾನೋಸಿನಂಥ ಸಕ್ಕರೆಗಳಲ್ಲಿ ಐಸೊರೊಟೇಷನ್ ನಿಯಮಗಳನ್ನು ಎಚ್ಚರಿಕೆಯಿಂದ ಬಳಸಬೇಕೆಂಬ ತಿಳಿವಳಿಕೆ ಇದರಿಂದ ನೆಲೆಗೊಂಡಿತು. 1937ರಲ್ಲಿ ಇದೇ ಉತ್ಕರ್ಷಣವನ್ನು ಪಿಷ್ಟ ಮತ್ತು ಸೆಲ್ಯುಲೋಸ್‌ಗಳಿಗೂ ಅನ್ವಯಿಸಲಾಯಿತು.

ಪಿಷ್ಟದಿಂದ ಹರಳು ಡೆಕ್ಸ್‌ಟ್ರಿನ್: ಮ್ಯಾಸೆರನ್ಸ್ ಕಿಣ್ವ

ಪಿಷ್ಟವನ್ನು ಬ್ಯಾಕ್ಟೀರಿಯಗಳು ಜೀರ್ಣಿಸಿದಾಗ ಅಲ್ಪ ಪ್ರಮಾಣದಲ್ಲಿ ಹರಳುಗಳು ಉಂಟಾಗುವುದನ್ನು ಫ್ರಾನ್ಸಿನ ಆಂಟ್ವಾನ್ ವಿಲಿಯರ್ಸ್ 1891ರಲ್ಲಿ ವರದಿ ಮಾಡಿದ್ದರು. ವಿಯೆನ್ನಾದ ಆಹಾರ ಪರೀಕ್ಷಾ ಸಂಸ್ಥೆಯಲ್ಲಿದ್ದ ಫ್ರಾನ್ಸ್ ಷಾರ್ಡಿಂಗರ್ 1903ರಿಂದ 1911ರವರೆಗೆ ಇವನ್ನು ಅಧ್ಯಯನ ಮಾಡಿ, ಹರಳುಗಳನ್ನು ಹೆಚ್ಚು ಪ್ರಮಾಣದಲ್ಲಿ ಕೊಡುವ ಬ್ಯಾಸಿಲಸ್ ಮ್ಯಾಸೆರನ್ಸ್ ಎಂಬ ಬ್ಯಾಕ್ಟೀರಿಯವನ್ನು ಗುರುತಿಸಿದರು. ಅಯೋಡಿನ್ನಿನೊಂದಿಗೆ ಅವು ತೋರುವ ಬಣ್ಣದ ಆಧಾರದ ಮೇಲೆ ಆಲ್ಫಾ ಮತ್ತು ಬೀಟಾ ಎಂದು ಎರಡು ಬಗೆಗಳನ್ನು ಬೇರ್ಪಡಿಸಿದರು. 1930ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫ್ರಾಯ್ಡನ್‌ಬರ್ಗ್ ಇವು ಗ್ಲೂಕೋಸ್ ಘಟಕಗಳು ಉಂಗುರವಾಗಿ ಜೋಡಣೆಗೊಂಡ ಅಣುಗಳೆಂದು ಪ್ರತಿಪಾದಿಸಿದರು. ಆದರೂ ಡೆಕ್ಸ್‌ಟ್ರಿನ್‌ಗಳನ್ನು ಪಡೆಯಬೇಕಾದರೆ ಪಿಷ್ಟದ ಗಂಜಿಯಲ್ಲಿ ಬ್ಯಾಕ್ಟೀರಿಯವನ್ನು ಬೆಳೆಸಲೇಬೇಕಿತ್ತು. ಅವು ಜೀವಂತ ಕೋಶದ ಚಯಾಪಚಯದ ಫಲವೇ ಅಥವಾ ಒಂದು ಕಿಣ್ವದ ಕೆಲಸವೇ ಎಂಬುದು ನಿರ್ಧಾರವಾಗಿರಲಿಲ್ಲ.

ಹಡ್ಸನ್ನರ ಪ್ರಯೋಗಾಲಯದಲ್ಲಿದ್ದ ಬ್ಯಾಕ್ಟೀರಿಯ ವಿಜ್ಞಾನಿ ಎವೆಲಿನ್ ಟಿಲ್ಡನ್ ಈ ಸಮಸ್ಯೆಯನ್ನು ಬಿಡಿಸಿದರು. ಟಿಲ್ಡನ್, ಹಡ್ಸನ್ ಮತ್ತು ರೇಮಂಡ್ ಹ್ಯಾನ್ 1938ರಲ್ಲಿ ಅಸಿಟೊಬ್ಯಾಕ್ಟರ್ ಸಬಾಕ್ಸಿಡಾನ್ಸ್ ಎಂಬ ಬ್ಯಾಕ್ಟೀರಿಯ ಸಕ್ಕರೆ ಆಲ್ಕೊಹಾಲ್‌ಗಳನ್ನು ಯಾವ ರಚನೆಯಿದ್ದಾಗ ಮಾತ್ರ ಉತ್ಕರ್ಷಿಸುತ್ತದೆ ಎಂಬುದನ್ನು ನಿರೂಪಿಸಿದ್ದರು. ಮರುವರ್ಷ ಟಿಲ್ಡನ್ ಮತ್ತು ಹಡ್ಸನ್ ಮ್ಯಾಸೆರನ್ಸ್ ಬ್ಯಾಕ್ಟೀರಿಯದ ಕೋಶಗಳನ್ನು ತೆಗೆದ ದ್ರವವೇ ಪಿಷ್ಟವನ್ನು ಹರಳು ಡೆಕ್ಸ್‌ಟ್ರಿನ್‌ಗಳನ್ನಾಗಿ ಮಾರ್ಪಡಿಸುತ್ತದೆ ಎಂದು ಪ್ರಕಟಿಸಿದರು. ಇದನ್ನು ಅವರು ಹೊಸ ಬಗೆಯ ಅಮೈಲೇಸ್ ಎಂದು ಕರೆದರು.

ಈ ಕಿಣ್ವವನ್ನು ಅಳೆಯುವುದು ಸುಲಭವಾಗಿರಲಿಲ್ಲ. ಸಾಮಾನ್ಯ ಅಮೈಲೇಸ್ ಪಿಷ್ಟದ ಸರಪಳಿಯನ್ನು ಕತ್ತರಿಸಿದಾಗಲೆಲ್ಲ ಒಂದು ಹೊಸ ತುದಿ ಉಂಟಾಗುತ್ತದೆ. ಆ ತುದಿ ತಾಮ್ರದ ದ್ರಾವಣವನ್ನು ಅಪಕರ್ಷಿಸುವುದರಿಂದ ಕಿಣ್ವದ ಪ್ರಮಾಣವನ್ನು ಎಣಿಸಬಹುದು. ಮ್ಯಾಸೆರನ್ಸ್ ಕಿಣ್ವ ಮಾತ್ರ ಕತ್ತರಿಸಿದ ತುದಿಯನ್ನು ಅದೇ ತುಣುಕಿನ ಇನ್ನೊಂದು ತುದಿಗೆ ಜೋಡಿಸಿ ಉಂಗುರವನ್ನಾಗಿ ಮುಚ್ಚುತ್ತದೆ. ಉಂಗುರಕ್ಕೆ ತುದಿಯೇ ಇಲ್ಲ. ಎಣಿಸಲು ಏನೂ ಉಳಿಯುವುದಿಲ್ಲ. ಟಿಲ್ಡನ್ ಮತ್ತು ಹಡ್ಸನ್ ಇದಕ್ಕೆ ಅಯೋಡಿನ್ನಿನ ಹರಳುಗಳನ್ನು ಆಶ್ರಯಿಸಿದರು. ಪಿಷ್ಟ ಮತ್ತು ಕಿಣ್ವದ ಮಿಶ್ರಣದಿಂದ ಆಗಾಗ ಒಂದು ಹನಿಯನ್ನು ತೆಗೆದು, ಅಯೋಡಿನ್ ಬೆರೆಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಡೆಕ್ಸ್‌ಟ್ರಿನ್–ಅಯೋಡಿನ್ ಹರಳುಗಳು ಕಾಣುತ್ತವೆ. ನಿರ್ದಿಷ್ಟ ಬಗೆಯ ಹರಳುಗಳು ಮೂಡಲು ಬೇಕಾದ ಸಮಯವನ್ನು ಆಧರಿಸಿ ಅವರು ನಿಗದಿಪಡಿಸಿದ ಅಳತೆ ಟಿಲ್ಡನ್–ಹಡ್ಸನ್ ಏಕಮಾನ ಎಂಬ ಹೆಸರಿನಿಂದ ಬಹುಕಾಲ ಬಳಕೆಯಲ್ಲಿತ್ತು. ಕಿಣ್ವದ ತಯಾರಿಕೆ ಮತ್ತು ಗುಣಗಳ ವಿವರವಾದ ವರದಿ 1942ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡೆಕ್ಸ್‌ಟರ್ ಫ್ರೆಂಚ್ ಮತ್ತು ರಾಬರ್ಟ್ ರಂಡಲ್ ಎಕ್ಸ್-ಕಿರಣಗಳ ಮೂಲಕ ಆಲ್ಫಾ ಉಂಗುರದಲ್ಲಿ 6, ಬೀಟಾ ಉಂಗುರದಲ್ಲಿ 7 ಗ್ಲೂಕೋಸ್ ಘಟಕಗಳಿವೆಯೆಂದು ನಿರ್ಧರಿಸಿದರು. ಗಾಮಾ ಉಂಗುರದಲ್ಲಿ ಇರುವುದು 8.

ನಂತರದ ಬೆಳವಣಿಗೆ

ಕೋಶಗಳಿಂದ ಬೇರ್ಪಟ್ಟ ಕಿಣ್ವ ದೊರೆತ ಮೇಲೆ ಅದರ ಶುದ್ಧೀಕರಣ ಮತ್ತು ಗುಣನಿರ್ಧಾರ ಸಾಧ್ಯವಾದವು. ಡಿಪಿಂಟೊ ಮತ್ತು ಕ್ಯಾಂಬೆಲ್ 1968ರಲ್ಲಿ ಮ್ಯಾಸೆರನ್ಸ್ ಕಿಣ್ವದ ಶುದ್ಧೀಕರಣವನ್ನು ವರದಿ ಮಾಡಿದರು. 1970ರ ದಶಕದಲ್ಲಿ ಜಪಾನಿನ ಕೋಕಿ ಹೊರಿಕೋಶಿ ಅವರ ತಂಡ ಕ್ಷಾರಯುಕ್ತ ಪರಿಸರದಲ್ಲಿ ಬೆಳೆಯುವ ಬ್ಯಾಸಿಲಸ್‌ಗಳಿಂದ ಇಂಥ ಕಿಣ್ವವನ್ನು ಪಡೆದದ್ದರಿಂದ ಕೈಗಾರಿಕಾ ಉತ್ಪಾದನೆಗೆ ದಾರಿ ತೆರೆಯಿತು. ಇಂದು ಇ.ಸಿ. 2.4.1.19 ಎಂಬ ಸಂಖ್ಯೆಯಿಂದ ಗುರುತಿಸಲಾಗುವ ಈ ಕಿಣ್ವ ಉಂಗುರ ಕಟ್ಟುವುದರ ಜೊತೆಗೆ ಉಂಗುರವನ್ನು ಬಿಚ್ಚಿ ಬೇರೊಂದು ಸಕ್ಕರೆಗೆ ಜೋಡಿಸುವ, ಸರಪಳಿಗಳ ತುಣುಕುಗಳನ್ನು ಅದಲುಬದಲು ಮಾಡುವ ಮತ್ತು ಅಲ್ಪ ಪ್ರಮಾಣದಲ್ಲಿ ಜಲವಿಭಜನೆ ನಡೆಸುವ ಸಾಮರ್ಥ್ಯವನ್ನೂ ಹೊಂದಿದೆ. ಅದರ ಪ್ರೋಟೀನಿನಲ್ಲಿ ಐದು ವಲಯಗಳಿವೆ. ಒಂದು ವಲಯ ಪಿಷ್ಟಕ್ಕೆ ಅಂಟಿಕೊಳ್ಳುತ್ತದೆ. ಶುದ್ಧೀಕರಣದಲ್ಲಿ ಈ ಗುಣವನ್ನೇ ಬಳಸಿಕೊಂಡು ಪಿಷ್ಟದ ಮೇಲೆ ಕಿಣ್ವವನ್ನು ಹಿಡಿದಿಟ್ಟು ಇತರ ಪ್ರೋಟೀನುಗಳಿಂದ ಬೇರ್ಪಡಿಸುವುದುಂಟು. ಅಯೋಡಿನ್ ಹರಳುಗಳ ಬದಲಿಗೆ ಈಗ ಬಣ್ಣಗಳ ಬದಲಾವಣೆಯನ್ನು ಅಳೆಯಲಾಗುತ್ತದೆ. ಬೀಟಾ ಉಂಗುರದ ಪೊಳ್ಳಿನೊಳಗೆ ಸೇರಿಕೊಂಡ ಫಿನಾಲ್‌ಥ್ಯಾಲೀನ್ ತನ್ನ ಕೆಂಬಣ್ಣವನ್ನು ಕಳೆದುಕೊಳ್ಳುತ್ತದೆ. ಬಣ್ಣ ಎಷ್ಟು ಇಳಿಯಿತೆಂಬುದು ಉಂಗುರಗಳ ಪ್ರಮಾಣವನ್ನು ತಿಳಿಸುತ್ತದೆ.

ಇತರ ಅಣುಗಳನ್ನು ತನ್ನೊಳಗೆ ಇರಿಸಿಕೊಳ್ಳುವ ಈ ಪೊಳ್ಳಿನಿಂದಾಗಿ ಸೈಕ್ಲೊಡೆಕ್ಸ್‌ಟ್ರಿನ್‌ಗಳು ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳನ್ನು ಕರಗಿಸಲು, ಆಹಾರದ ಸುವಾಸನೆಯನ್ನು ಕಾಯ್ದಿರಿಸಲು ಮತ್ತು ದುರ್ವಾಸನೆಯನ್ನು ತಡೆಯಲು ಬಳಕೆಯಾಗುತ್ತಿವೆ.

ಬರಹಗಳು ಮತ್ತು ಗೌರವಗಳು

ಹಡ್ಸನ್ ಸಕ್ಕರೆ ರಸಾಯನಶಾಸ್ತ್ರದ ಇತಿಹಾಸದ ಬಗ್ಗೆಯೂ ಬರೆದರು. ಎಮಿಲ್ ಫಿಷರ್ ಗ್ಲೂಕೋಸಿನ ರಚನೆಯನ್ನು ಕಂಡುಹಿಡಿದ ಬಗೆಯನ್ನು ವಿವರಿಸುವ ಅವರ 1941ರ ಲೇಖನ ವಿದ್ಯಾರ್ಥಿಗಳಿಗೆ ಉಪಯುಕ್ತವಾದದ್ದು. ಅವರ ಸಂಶೋಧನಾ ಲೇಖನಗಳನ್ನು ಸಹೋದ್ಯೋಗಿಗಳಾದ ರೇಮಂಡ್ ಹ್ಯಾನ್ ಮತ್ತು ನೆಲ್ಸನ್ ರಿಚ್ಟ್‌ಮೈಯರ್ ಎರಡು ಸಂಪುಟಗಳಲ್ಲಿ ಸಂಪಾದಿಸಿದರು. ಅವು 1946 ಮತ್ತು 1948ರಲ್ಲಿ ಪ್ರಕಟವಾದವು.

ಅವರಿಗೆ 1916ರಲ್ಲಿ ನಿಕೋಲ್ಸ್ ಪದಕ, 1929ರಲ್ಲಿ ವಿಲ್ಲರ್ಡ್ ಗಿಬ್ಸ್ ಪ್ರಶಸ್ತಿ ಮತ್ತು 1942ರಲ್ಲಿ ಎಲಿಯಟ್ ಕ್ರೆಸ್ಸನ್ ಪದಕ ದೊರೆತವು. 1927ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. ಅಮೆರಿಕನ್ ಕೆಮಿಕಲ್ ಸೊಸೈಟಿ ಕಾರ್ಬೋಹೈಡ್ರೇಟ್ ರಸಾಯನಶಾಸ್ತ್ರದ ಸಾಧನೆಗಾಗಿ ನೀಡುವ ಪ್ರಶಸ್ತಿ ಕ್ಲಾಡ್ ಎಸ್. ಹಡ್ಸನ್ ಅವರ ಹೆಸರಿನಲ್ಲಿದೆ.

ನಿಧನ

ಹಡ್ಸನ್ 1951ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದ ನಿವೃತ್ತರಾದರು. 1952ರ ಡಿಸೆಂಬರ್ 27ರಂದು, ತಮ್ಮ 71ನೆಯ ವಯಸ್ಸಿನಲ್ಲಿ ನಿಧನರಾದರು.